ಮೊಳೆಗೆ ನೇತುಹಾಕಿದ ಬೆಲ್ಟು: ಒಂದು ಪ್ರಕರಣ ಅಧ್ಯಯನ

"ಇನ್ನೆಷ್ಟು ನಡೀಬೇಕಂತೆ?"

ನಮ್ಮ ತಂಡದ ಹುಡುಗಿ ಕೊಟ್ಟ ಚೀಟಿಯನ್ನು ಮಗನ ಕೈಲಿ ಓದಿಸಿಕೊಂಡು ಅಕ್ಕ ಕೇಳಿದ್ದು ಇಷ್ಟೇ. ಚೀಟಿಯಲ್ಲಿ ಹೀಗಿತ್ತು: ನಿಮ್ಮ ದೈಹಿಕ ಚಟುವಟಿಕೆ ಸಾಲದು, ದಿನಕ್ಕೆ 30 ನಿಮಿಷ ಬಿರುಸಾಗಿ ನಡೆಯಿರಿ. ಓದಿಸಿಕೊಳ್ಳುವಾಗ ಆಕೆಯ ತಲೆಯ ಮೇಲಿನ ಸಿಂಬೆ ಇನ್ನೂ ತೆಗೆದಿರಲಿಲ್ಲ. ಸೊಪ್ಪಿನ ಹೊರೆ ಆಗಷ್ಟೇ ಇಳಿಸಿದ್ದರು.

ಹುಡುಗಿ ಸಂಜೆ ಫೋನ್ ಮಾಡಿ, "ಸಾರ್, ನಾವು ಎಲ್ಲೋ ತಪ್ಪಿದ್ದೀವಿ" ಅಂದಳು. ಈ ಬರಹ ಅಲ್ಲಿಂದ ಶುರುವಾಯಿತು. ಊರಿನ ಹೆಸರು, ಆಕೆಯ ಹೆಸರು ಬರೆಯುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಕೋಲಾರದ ಕಡೆಯ ಒಂದು ರೇಷ್ಮೆ ಊರು, ವಯಸ್ಸು ಐವತ್ತರ ಆಸುಪಾಸು, ಒಂದು ಹಸು, ಸ್ವಲ್ಪ ಹಿಪ್ಪುನೇರಳೆ ತೋಟ. ಇಷ್ಟು ಸಾಕು. ಎಲ್ಲರೂ ಆಕೆಯನ್ನು ಅಕ್ಕ ಅಂತಲೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ.

ಹಿನ್ನೆಲೆ

ಜನ ಎಷ್ಟು ಮೈ ಅಲ್ಲಾಡಿಸುತ್ತಾರೆ ಅಂತ ಅಳೆಯುವುದು ನಮ್ಮ ಕೆಲಸವಾಗಿತ್ತು. ಕೆಲವು ಹಳ್ಳಿ, ಒಂದು ಪಟ್ಟಣ, ಎರಡಕ್ಕೂ ಒಂದೇ ಅಳತೆಗೋಲು. ಇದನ್ನು ಅಳೆಯುವ ಹಂಬಲ ಎಲ್ಲ ಕಡೆ ಇದೆ, ಕಾರಣವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರತಂದ ಅಂದಾಜಿನ ಪ್ರಕಾರ 2022ರಲ್ಲಿ ಪ್ರಪಂಚದ ವಯಸ್ಕರಲ್ಲಿ ಶೇ. 31 ಮಂದಿಗೆ ಚಟುವಟಿಕೆ ಸಾಲದು. ಭಾರತದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನಕ್ಕೆ ಸಾಲದು. ಗಂಡಸರಲ್ಲಿ ಶೇ. 42, ಹೆಂಗಸರಲ್ಲಿ ಶೇ. 57. ಈ ಕೊನೆಯ ಅಂಕಿಯನ್ನು ನಾನು ಮೊದಲು ಓದಿದಾಗ ಸುಮ್ನೆ ತಲೆ ಆಡಿಸಿ ಮುಂದೆ ಹೋಗಿದ್ದೆ. ಈಗ ಅದನ್ನು ಕಂಡರೆ ಅಕ್ಕನ ಸಿಂಬೆ ನೆನಪಾಗುತ್ತದೆ.

ನಾವು ಬಳಸಿದ್ದು ಜಿಪ್ಯಾಕ್ ಎಂಬ ಪ್ರಶ್ನಾವಳಿ. ವಿಶ್ವ ಆರೋಗ್ಯ ಸಂಸ್ಥೆಯೇ ರೂಪಿಸಿದ್ದು, 16 ಪ್ರಶ್ನೆ. ಕೆಲಸ, ಓಡಾಟ, ಬಿಡುವಿನ ವೇಳೆ ಅಂತ ಮೂರು ಭಾಗ, ಕೊನೆಗೆ ದಿನಕ್ಕೆ ಎಷ್ಟು ಹೊತ್ತು ಕೂತಿರುತ್ತೀರಿ ಅನ್ನುವ ಒಂದು ಪ್ರಶ್ನೆ. ಉತ್ತರಗಳನ್ನು ಮೆಟ್ ಎಂಬ ಅಳತೆಗೆ ಇಳಿಸುತ್ತಾರೆ. ಸುಮ್ಮನೆ ಕೂತಾಗ ದೇಹ ಖರ್ಚು ಮಾಡುವ ಶಕ್ತಿ 1 ಮೆಟ್. ಮಧ್ಯಮ ಕೆಲಸಕ್ಕೆ 4, ಜೋರು ಕೆಲಸಕ್ಕೆ 8 ಅಂತ ಲೆಕ್ಕ ಹಿಡಿದು, ನಿಮಿಷಗಳಿಂದ ಗುಣಿಸಿ, ವಾರಕ್ಕೆ ಒಟ್ಟು ಮಾಡುತ್ತಾರೆ. 600 ಮುಟ್ಟಿದರೆ ಸಾಕಷ್ಟು ಚಟುವಟಿಕೆ ಇದೆ, ಮುಟ್ಟದಿದ್ದರೆ ಸಾಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನವೂ ಇದೇ ಪ್ರಶ್ನಾವಳಿ ಬಳಸಿತ್ತು. ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢದ ಫಲಿತಾಂಶ 2014ರಲ್ಲಿ ಬಂತು: ಶೇ. 54.4 ಮಂದಿ ನಿಷ್ಕ್ರಿಯರು.

ಬಾಯಿಮಾತನ್ನೇ ನಂಬಬಾರದು ಅಂತ ಕೆಲವರ ಸೊಂಟಕ್ಕೆ ಆಕ್ಸೆಲೆರೋಮೀಟರ್ ಇರುವ ಬೆಲ್ಟನ್ನೂ ಏಳು ದಿನ ಕಟ್ಟಿದೆವು. ಬೆಂಕಿಪೊಟ್ಟಣದಷ್ಟು ಚಿಕ್ಕ ಯಂತ್ರ, ಮೈ ಅಲ್ಲಾಡಿದ್ದನ್ನು ಎಣಿಸುತ್ತದೆ. ಆ ಕೆಲವರಲ್ಲಿ ಅಕ್ಕನೂ ಒಬ್ಬರು.

560

ಅಕ್ಕನ ಫಾರ್ಮು ತೆಗೆದು ನೋಡಿದೆ. ಕೆಲಸದ ಭಾಗದಲ್ಲಿ ಎಲ್ಲ ಕಡೆ "ಇಲ್ಲ". ಬಿಡುವಿನ ವೇಳೆ "ಇಲ್ಲ". ಓಡಾಟದಲ್ಲಿ ಒಂದೇ ಸಾಲು: ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರಲು 20 ನಿಮಿಷ, ವಾರಕ್ಕೆ 7 ದಿನ. 20 ಗುಣಿಸು 7 ಗುಣಿಸು 4, ಅಂದರೆ 560. ಗೆರೆಗಿಂತ 40 ಕಮ್ಮಿ. ವಾರದಲ್ಲಿ ಇನ್ನೊಂದೇ ಒಂದು 10 ನಿಮಿಷ ನಡೆದಿದ್ದರೆ ಆಕೆ ಪಾಸು.

ಬೆಲ್ಟಿನ ಫಲಿತಾಂಶವೂ ಅದನ್ನೇ ಹೇಳಿತ್ತು: ಕಡಿಮೆ. ಎರಡು ಬೇರೆ ಬೇರೆ ಸಾಧನ ಒಂದೇ ಮಾತು ಹೇಳಿದಾಗ ಯಾರು ಅನುಮಾನ ಪಡುತ್ತಾರೆ? ನಾವೂ ಪಡಲಿಲ್ಲ. ಆಕೆಯ ಕಡತಕ್ಕೆ "ಹೊಂದಾಣಿಕೆ ಚೆನ್ನಾಗಿದೆ" ಅಂತ ಗುರುತು ಹಾಕಿ ಮುಂದೆ ಹೋಗಿದ್ದೆವು. ಈಗ ನನಗೆ ಅತಿ ಜಾಸ್ತಿ ನೋವು ಕೊಡುವುದು ಆ ಗುರುತು.

ಅಂದು ರಾತ್ರಿ ಬೆಲ್ಟಿನ ಕಚ್ಚಾ ದಾಖಲೆ ತೆರೆದೆ. ಸ್ವಚ್ಛ ಮಾಡುವ ಮುಂಚಿನದು. ಏಳೂ ದಿನ ಬೆಳಿಗ್ಗೆ ಐದೂವರೆಯಿಂದ ಎಂಟರ ತನಕ ಸೊನ್ನೆ. ಹನ್ನೊಂದರ ಹೊತ್ತಿಗೆ ಮತ್ತೆ ಸೊನ್ನೆ. ಸಂಜೆ ನಾಲ್ಕರಿಂದ ದೀಪ ಹಚ್ಚುವ ತನಕ ಸೊನ್ನೆ. ರಾತ್ರಿ ಊಟ ಆದಮೇಲೆ ಒಂದು ಗಂಟೆ ಸೊನ್ನೆ. 60 ನಿಮಿಷ ಒಂದೇ ಸಮನೆ ಸೊನ್ನೆ ಬಂದರೆ ಬೆಲ್ಟು ಕಟ್ಟಿರಲಿಲ್ಲ ಅಂತ ತಿಳಿದು ಸಾಫ್ಟ್‌ವೇರ್ ಆ ಭಾಗವನ್ನು ಕತ್ತರಿಸಿ ಹಾಕುತ್ತದೆ. ಉಳಿದದ್ದು 10 ಗಂಟೆ ಇದ್ದರೆ ಆ ದಿನ ಲೆಕ್ಕಕ್ಕೆ ಸೈ. ಅಕ್ಕ ನಾಲ್ಕೂವರೆಗೆ ಏಳುವವರು, ಹತ್ತಕ್ಕೆ ಮಲಗುವವರು. ಎಷ್ಟು ಕತ್ತರಿಸಿದರೂ ದಿನಕ್ಕೆ 10 ಗಂಟೆ ಉಳಿದೇ ಉಳಿಯುತ್ತಿತ್ತು. ಹಾಗಾಗಿ ಏಳು ದಿನವೂ ಸೈ.

ಬೆಲ್ಟು ಕಟ್ಟಲು ಮರೆತವರ ದಾಖಲೆಯಲ್ಲಿ ಸೊನ್ನೆಗಳು ಅಲ್ಲೊಂದು ಇಲ್ಲೊಂದು ಚೆಲ್ಲಾಡಿರುತ್ತವೆ. ಇಲ್ಲಿ ಅವು ಬಸ್ಸಿನ ವೇಳಾಪಟ್ಟಿಯ ಹಾಗೆ ಬಂದಿದ್ದವು. ಮರೆವು ಇಷ್ಟು ಗಡಿಯಾರ ನೋಡಿಕೊಂಡು ಬರುವುದಿಲ್ಲ.

ಮಾರನೇ ದಿನ ನಾನೇ ಹೋದೆ. ಬೆಲ್ಟು ಯಾವಾಗ ಬಿಚ್ಚುತ್ತಿದ್ದಿರಿ ಅಂತ ಕೇಳಿದೆ. ಅಕ್ಕ ಮಾತಾಡದೆ ಹುಳುಮನೆಯ ಬಾಗಿಲ ಪಕ್ಕದ ಮೊಳೆ ತೋರಿಸಿದರು. ಅದರಲ್ಲಿ ಆಗ ಒಂದು ಟವೆಲ್ ನೇತಾಡುತ್ತಿತ್ತು. "ನೀವು ಊರೆಲ್ಲ ಸುತ್ತಿ ತಂದಿರೋದು. ಅದನ್ನ ಒಳಕ್ಕೆ ಹೆಂಗೆ ತಗೊಂಡು ಹೋಗ್ಲಿ? ಹಾಲುತೊಂಡೆ ಬಂದ್ರೆ ಪೂರ್ತಿ ಬೆಳೆ ಹೋಯ್ತು."

ರೇಷ್ಮೆ ಸಾಕುವವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು, ಹುಳುವಿಗೆ ಬರುವ ಈ ರೋಗಗಳಲ್ಲಿ ಯಾವುದು ಹೊಕ್ಕರೂ ತಿಂಗಳ ದುಡಿಮೆ ಗುಂಡಿಗೆ. ಅದಕ್ಕೇ ಹುಳುಮನೆಗೆ ಹೊರಗಿನವರನ್ನು ಬಿಡುವುದಿಲ್ಲ, ಕಾಲು ತೊಳೆಯದೆ, ಬ್ಲೀಚಿಂಗ್ ಪೌಡರ್ ಮೆಟ್ಟದೆ ಒಳಗೆ ಕಾಲಿಡುವುದಿಲ್ಲ. ಸೊಪ್ಪು ಕೊಯ್ಯಲು ಹೋಗುವಾಗಲೂ ಆಕೆ ಬೆಲ್ಟು ಬಿಚ್ಚುತ್ತಿದ್ದರು. ಸೆರಗು ಸೊಂಟಕ್ಕೆ ಬಿಗಿದರೆ ಅದು ಒತ್ತುತ್ತಿತ್ತು, ಜೊತೆಗೆ ಆ ಸೊಪ್ಪು ನೇರ ಹುಳುವಿನ ಬಾಯಿಗೆ ಹೋಗುವಂಥದ್ದು. ಅಂದರೆ ಮೈಮುರಿಯುವ ಕೆಲಸದ ಪ್ರತಿ ಗಂಟೆಯೂ ಯಂತ್ರ ಮೊಳೆಯ ಮೇಲಿತ್ತು. ಅಡುಗೆ, ಊಟ, ಜಗಲಿಯ ಮಾತು, ಇವಷ್ಟೇ ದಾಖಲಾಗಿದ್ದವು. ಹುಳುವನ್ನು ಉಳಿಸಲು ಆಕೆ ಮಾಡಿದ್ದು ಸರಿಯಾಗಿಯೇ ಇತ್ತು. ಕೇಳದೆ ಕಟ್ಟಿಬಂದವರು ನಾವು.

ಮಾತಿನಲ್ಲಿ ಎಲ್ಲಿ ಜಾರಿತು

ಬೆಲ್ಟಿನ ಕಥೆ ಆಯಿತು, ಫಾರ್ಮಿನದು? ಕೆಲಸದ ಭಾಗದಲ್ಲಿ ಯಾಕೆ "ಇಲ್ಲ"?

ಮೂಲ ಪ್ರಶ್ನಾವಳಿಯ ತಪ್ಪು ಅಂತ ಹೇಳಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಸಂಬಳದ ಕೆಲಸ, ಸಂಬಳವಿಲ್ಲದ ಕೆಲಸ, ಮನೆಗೆಲಸ, ಬೆಳೆ ಕೊಯ್ಲು, ಎಲ್ಲವೂ ಕೆಲಸವೇ ಅಂತ ಅದರ ಪೀಠಿಕೆಯಲ್ಲಿ ಸ್ಪಷ್ಟವಾಗಿದೆ. ಅದನ್ನು ಓದಿ ಹೇಳಬೇಕು, ಊರಿನ ಕೆಲಸಗಳ ಚಿತ್ರ ಇರುವ ಕಾರ್ಡು ತೋರಿಸಬೇಕು. ದಿನಕ್ಕೆ ಇಷ್ಟು ಮನೆ ಮುಗಿಸಬೇಕು ಅಂತ ನಾನೇ ಗುರಿ ಕೊಟ್ಟಿದ್ದೆ. ಪೀಠಿಕೆ ಉದ್ದ ಇತ್ತು, ಹಾರಿಸಿದರು. ಕಾರ್ಡುಗಳು ಬೇರೆ ಯಾವುದೋ ಕಡೆಯಿಂದ ಬಂದಿದ್ದವು, ಅದರಲ್ಲಿ ಹುಳುಮನೆ ಎಲ್ಲಿಂದ ಬರಬೇಕು?

ಉಳಿದದ್ದು ಬರೀ ಪ್ರಶ್ನೆ. "ನಿಮ್ಮ ಕೆಲಸದಲ್ಲಿ..." ಅಂದ ತಕ್ಷಣ ಅಕ್ಕ, "ನಾನು ಕೆಲ್ಸಕ್ಕೆ ಹೋಗಲ್ಲಮ್ಮ, ಮನೇಲೇ ಇರ್ತೀನಿ" ಅಂದಿದ್ದರು. ನಮ್ಮ ಕಡೆ ಕೆಲಸ ಅಂದರೆ ಹೋಗುವಂಥದ್ದು. ಕಂಪನಿ ಕೆಲಸ, ಕೂಲಿ ಕೆಲಸ. ಹಸುವಿಗೆ ಹುಲ್ಲು ಹಾಕುವುದು, ಸಗಣಿ ಬಾಚುವುದು, ಹುಳುವಿಗೆ ಸೊಪ್ಪು ಹಾಕುವುದು ಮನೇಲಿರುವುದರ ಒಳಗೇ ಸೇರಿಹೋಗುತ್ತದೆ.

"ಏದುಸಿರು ಬರುವಂಥ ಕೆಲಸ ಮಾಡುತ್ತೀರಾ?" ಎಂಬ ಪ್ರಶ್ನೆಗೆ ಆಕೆ ಗಾಬರಿಯಾಗಿ, "ಅಯ್ಯೋ, ನಂಗೆ ದಮ್ಮಿಲ್ಲ" ಅಂದಿದ್ದರು. ಏದುಸಿರು ಕಾಯಿಲೆಯ ಗುರುತು, ಅಲ್ವಾ? ಶ್ರಮಕ್ಕೆ ಅಳತೆಗೋಲು ಅಂತ ಯಾರೂ ಅದನ್ನು ಹೇಳುವುದಿಲ್ಲ. ವಾಕಿಂಗ್ ಅಂದರೆ ಸಕ್ಕರೆ ಕಾಯಿಲೆಯವರು ಪಟ್ಟಣದಲ್ಲಿ ಮಾಡುವುದು. ಅದಕ್ಕೂ "ಇಲ್ಲ".

ಇನ್ನೊಂದು ತೊಡಕು "ಒಂದೇ ಸಮನೆ 10 ನಿಮಿಷ" ಎಂಬ ಷರತ್ತು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಇದನ್ನು ಕೈಬಿಟ್ಟಿದೆ, ಯಾವ ನಿಮಿಷವೂ ವ್ಯರ್ಥವಲ್ಲ ಅಂತ. ನಮ್ಮ ಫಾರ್ಮಿನಲ್ಲಿ ಹಳೆಯ ಷರತ್ತು ಹಾಗೇ ಇತ್ತು. ಹೆಂಗಸರ ದಿನ ತುಂಡು ತುಂಡು. ನಾಲ್ಕು ನಿಮಿಷ ನೀರು ಸೇದು, ಆರು ನಿಮಿಷ ಕೊಟ್ಟಿಗೆ ಗುಡಿಸು, ಒಲೆ ನೋಡು, ಮತ್ತೆ ಕೊಟ್ಟಿಗೆ. ಇದೆಲ್ಲ ಜರಡಿಯಲ್ಲಿ ಸೋರಿಹೋಯಿತು.

ಜ್ವರದ ದಿನ

ಇದನ್ನೆಲ್ಲ ಸರಿಮಾಡಿದರೂ ಒಂದು ಉಳಿಯುತ್ತಿತ್ತು. ಅದು ನನಗೆ ಹೊಳೆದದ್ದು ಫಾರ್ಮಿನ ಮೂಲೆಯ ಒಂದು ಟಿಪ್ಪಣಿಯಿಂದ. ನಮ್ಮ ಹುಡುಗಿ ಬರೆದಿದ್ದಳು: "ಹುಳು ಜ್ವರಕ್ಕೆ ಕೂತಿವೆ, ಬಿಡುವಾಗಿದ್ದಾರೆ."

ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ತಿನ್ನುವುದು ನಿಲ್ಲಿಸಿ, ತಲೆ ಎತ್ತಿ ಸುಮ್ಮನೆ ಕೂರುತ್ತದೆ. ಅದನ್ನೇ ಜ್ವರ ಅನ್ನುತ್ತಾರೆ. ಆ ದಿನ ಮನೆಯವರಿಗೆ ಉಸಿರು ಬಿಡಲು ಪುರುಸೊತ್ತು. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಸುಮಾರು ಒಂದು ವಾರ ಹುಳುವಿನ ಹಸಿವಿಗೆ ಮಿತಿಯೇ ಇಲ್ಲ. ಅದು ಹುಟ್ಟಿನಿಂದ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಆ ಒಂದು ವಾರದಲ್ಲೇ ಖರ್ಚು. ಆಮೇಲೆ ಹುಳು ಹಣ್ಣಾಗುತ್ತದೆ, ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಡುತ್ತಾರೆ, ಗೂಡು ಬಿಡಿಸಿ ಮಾರುಕಟ್ಟೆಗೆ ಸಾಗಿಸುತ್ತಾರೆ. ಮತ್ತೆ ಚಾಕಿ ಹುಳು, ಅಂದರೆ ಮರಿಹುಳು, ತರುವ ತನಕ ಕೈ ಖಾಲಿ.

ಪ್ರಶ್ನಾವಳಿ ಕೇಳುವುದು "ಸಾಮಾನ್ಯ ವಾರ"ದ ಬಗ್ಗೆ. ಅಕ್ಕನಿಗೆ ಸಾಮಾನ್ಯ ವಾರ ಅನ್ನುವುದೇ ಇಲ್ಲ. ಜ್ವರದ ದಿನ, ಸೊಪ್ಪಿನ ವಾರ, ಚಂದ್ರಿಕೆಯ ದಿನ, ಖಾಲಿ ವಾರ ಇವೆ. ನಾವು ಹೋಗಿದ್ದು ಜ್ವರದ ದಿನ. ಇದು ಆಕಸ್ಮಿಕವೂ ಅಲ್ಲ. ಹಿಂದೆ ಎರಡು ಸಲ ಹೋದಾಗ ಬೀಗ ಇತ್ತು, ಅಥವಾ "ಆಮೇಲೆ ಬನ್ನಿ" ಅಂದಿದ್ದರು. ಯಾರಿಗೆ ಬಿಡುವಿದೆಯೋ ಅವರೇ ಉತ್ತರ ಕೊಡುತ್ತಾರೆ. ಬಿಡುವಿನ ದಿನ ಕೂತು ನೆನೆದರೆ ದುಡಿಮೆಯ ದಿನವೂ ಹಗುರವಾಗಿಯೇ ಕಾಣುತ್ತದೆ.

ಏನು ಮಾಡಿದೆವು

ಮೊದಲ ಸಭೆಯಲ್ಲಿ ಮೂರು ಸಲಹೆ ಬಂದವು. ಒಂದು, ಅಕ್ಕನಂಥ ಕಡತಗಳನ್ನು ಬಿಟ್ಟುಬಿಡೋಣ. ನಾನು ಒಪ್ಪಲಿಲ್ಲ. ಬೆಲ್ಟು ಮೊಳೆಗೆ ಹಾಕಿದವರೆಲ್ಲ ಅತಿ ಜಾಸ್ತಿ ದುಡಿಯುವವರು. ಅವರನ್ನು ತೆಗೆದರೆ ಹಳ್ಳಿಯೇ ಸೋಮಾರಿಯಾಗಿ ಕಾಣುತ್ತದೆ.

ಎರಡು, ಹೆಜ್ಜೆ ಎಣಿಸುವ ಸರಳ ಯಂತ್ರ ಕೊಡೋಣ. ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಕಾರು, ಟ್ರ್ಯಾಕ್ಟರ್ ಬಳಸದೆ ಹಳೆಯ ರೀತಿಯಲ್ಲಿ ಬದುಕುವ ಆಮಿಷ್ ರೈತರನ್ನು ಕೆನಡಾದಲ್ಲಿ ಹೀಗೆ ಅಳೆದು 2004ರಲ್ಲಿ ಪ್ರಕಟಿಸಿದರು. ಗಂಡಸರು ದಿನಕ್ಕೆ ಸರಾಸರಿ 18,425 ಹೆಜ್ಜೆ, ಹೆಂಗಸರು 14,196. ಆ ದುಡಿಮೆಯಲ್ಲಿ ನಡಿಗೆ ಜಾಸ್ತಿ, ಅದಕ್ಕೆ ಹೆಜ್ಜೆ ಹೊಂದುತ್ತದೆ. ಹುಳುಮನೆಯಲ್ಲಿ ಆಗುವುದು ಬಾಗುವುದು, ಎತ್ತುವುದು, ಮೇಲಿನ ಅಂತಸ್ತಿನ ತಟ್ಟೆಗೆ ಕೈ ಚಾಚುವುದು. ಹೆಜ್ಜೆ ಕಮ್ಮಿ.

ಮೂರನೆಯದು ಎಲ್ಲರಿಗೂ ಇಷ್ಟವಾಗಲಿಲ್ಲ, ಆದರೆ ಅದನ್ನೇ ಮಾಡಿದೆವು. ಸೊಪ್ಪಿನ ವಾರದಲ್ಲಿ ಒಂದು ಇಡೀ ದಿನ ಆಕೆಯ ಜೊತೆ ಇದ್ದು ಕಣ್ಣಾರೆ ನೋಡಿ ಬರೆಯುವುದು. ಹುಡುಗಿಯೂ ನಾನೂ ಸರದಿಯಲ್ಲಿ. ಕಾಲು ತೊಳೆದು, ಪೌಡರ್ ಮೆಟ್ಟಿ, ಅಕ್ಕ ಹೇಳಿದ ಜಾಗದಲ್ಲಿ ನಿಂತು, ಐದೈದು ನಿಮಿಷಕ್ಕೊಮ್ಮೆ ಬರೆದೆವು.

ಮಂಜಿನಲ್ಲಿ ತೋಟದ ಸಾಲಿಗಿಳಿದು ಕುಡುಗೋಲಿನಿಂದ ಕಡ್ಡಿ ಕತ್ತರಿಸುತ್ತಿದ್ದ ಆಕೆ ಒಂದು ಗಂಟೆ ಹೊತ್ತು ನೆಟ್ಟಗೆ ನಿಂತಿದ್ದು ನಾನು ಕಾಣೆ. ಹಳೇ ಸೀರೆಯಲ್ಲಿ ಹೊರೆ ಕಟ್ಟಿ, ನಾವಿಬ್ಬರೂ ಹಿಡಿದು ತಲೆಗೆ ಏರಿಸಿದೆವು. ಬದುವಿನ ಮೇಲೆ ಆಕೆ ನಡೆದದ್ದು ನಿಧಾನವಾಗಿ, ಕತ್ತು ಅಲ್ಲಾಡದ ಹಾಗೆ. ಆ ನಡಿಗೆಯನ್ನು ಸೊಂಟದ ಯಂತ್ರ ಹೇಗೆ ಓದುತ್ತದೆ ಅಂತ ಯೋಚಿಸುತ್ತಾ ಹಿಂದೆ ಹೋದೆ. ಯಂತ್ರದ ಎಣಿಕೆಯಲ್ಲಿ ನಿಮಿಷಕ್ಕೆ 1,952 ದಾಟಿದರೆ ಮಧ್ಯಮ ಶ್ರಮ. ಬಹಳ ಕಡೆ ಬಳಸುವ ಈ ಗೆರೆ 1998ರಲ್ಲಿ ಬಂದದ್ದು, 50 ಮಂದಿ ಯುವಜನರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ, ಓಡಿಸಿ. ಅವರ ತಲೆಯ ಮೇಲೆ ಹೊರೆ ಇರಲಿಲ್ಲ. ಹೊರೆ ಹೊತ್ತವರು ಮೈ ಕುಲುಕದೆ ನಡೆಯುತ್ತಾರೆ. ಶ್ರಮ ಏರಿದಷ್ಟೂ ಎಣಿಕೆ ಇಳಿಯಬಹುದು. ಅಂದರೆ ಮೊಳೆಗೆ ಹಾಕದೆ ಕಟ್ಟಿಕೊಂಡಿದ್ದರೂ ಬೆಲ್ಟು ಆಕೆಯ ಅರ್ಧ ದುಡಿಮೆಯನ್ನೇ ಕಾಣುತ್ತಿತ್ತೋ ಏನೋ.

ಆಮೇಲೆ ಪ್ರಶ್ನಾವಳಿಯನ್ನು ಮತ್ತೆ ಕೇಳಿದೆವು. ಮೂಲ ಪ್ರಶ್ನೆಗಳ ಒಂದು ಪದವನ್ನೂ ಮುಟ್ಟಲಿಲ್ಲ. ಮುಟ್ಟಿದರೆ ಬೇರೆ ರಾಜ್ಯದ, ಬೇರೆ ದೇಶದ ಅಂಕಿಗಳ ಪಕ್ಕ ನಮ್ಮದನ್ನು ಇಡುವ ಹಾಗಿಲ್ಲ, ಅಷ್ಟೇ ಅಲ್ಲ, ನಮ್ಮದೇ ಮೊದಲಿನ ಸಂದರ್ಶನಗಳ ಪಕ್ಕವೂ ಇಡುವ ಹಾಗಿಲ್ಲ. ಪೀಠಿಕೆ ಪೂರ್ತಿ ಓದಿದೆವು. ಹುಳುಮನೆ, ಕೊಟ್ಟಿಗೆ, ತೋಟದ ಫೋಟೊಗಳಿಂದ ಹೊಸ ಕಾರ್ಡು ಮಾಡಿದೆವು. ಗಡಿಯಾರದ ಬದಲು ಆಕೆಯ ದಿನದ ಗುರುತುಗಳನ್ನೇ ಹಿಡಿದೆವು: ಡೈರಿಗೆ ಮುಂಚೆ, ಡೈರಿಯ ನಂತರ, ಮಧ್ಯಾಹ್ನದ ಸೊಪ್ಪು, ಸಂಜೆ ಬಸ್ಸು ಬಂದ ಮೇಲೆ. ಕೊನೆಗೆ ನಮ್ಮದೇ ಒಂದು ಪುಟ ಸೇರಿಸಿದೆವು. ಅದರ ಮೊದಲ ಪ್ರಶ್ನೆ: ಇವತ್ತು ಹುಳು ಯಾವ ಹಂತದಲ್ಲಿವೆ?

ಈ ಸಲ ಸೊಪ್ಪು ಕೊಯ್ಯುವುದೊಂದೇ ದಿನಕ್ಕೆ 2 ಗಂಟೆ ಅಂತ ಬಂತು. 120 ನಿಮಿಷ, 7 ದಿನ, 4ರಿಂದ ಗುಣಿಸಿದರೆ 3,360. ಹುಳುಮನೆ, ಕೊಟ್ಟಿಗೆ ಇನ್ನೂ ಸೇರಿಸಿಲ್ಲ. ಅದೇ ಹೆಂಗಸು, ಅದೇ ಪ್ರಶ್ನಾವಳಿ.

ಯಂತ್ರವನ್ನು ಸೊಂಟದಿಂದ ಕೈಗೆ ಬದಲಿಸಿದೆವು, ತೊಳೆಯಬಹುದಾದ ಪಟ್ಟಿಯದು. ಅಕ್ಕ ಹುಳುಮನೆಗೆ ಹೋಗುವಾಗ ಕೈಯ ಜೊತೆಗೆ ಅದನ್ನೂ ತೊಳೆಯುತ್ತಿದ್ದರು. ಗಾಜಿನ ಬಳೆಗೆ ತಾಗುತ್ತದೆ ಅಂತ ಬಳೆಗಳ ಮೇಲೆ, ಮೊಣಕೈ ಕಡೆ ಸರಿಸಿಕೊಂಡಿದ್ದರು. ಅದನ್ನೂ ಬರೆದುಕೊಂಡೆವು, ಯಂತ್ರ ಇರುವ ಜಾಗ ಬದಲಾದರೆ ಎಣಿಕೆಯೂ ಬದಲಾಗುತ್ತದೆ. ಕೈಯ ಎಣಿಕೆಯನ್ನು ಸೊಂಟದ ಎಣಿಕೆಗೆ ಹೋಲಿಸುವಂತಿಲ್ಲ. ಹಾಗಾಗಿ ಈ ದಾಖಲೆಗಳಿಗೆ ಬೇರೆಯೇ ಪಟ್ಟಿ ಮಾಡಿದೆವು, ಹಳೆಯದರೊಳಗೆ ಬೆರೆಸಲಿಲ್ಲ.

ಪಟ್ಟಣದ ಕಡೆ

ಅಕ್ಕನ ಪ್ರಕರಣ ಆದಮೇಲೆ ಪಟ್ಟಣದ ಕಡತಗಳನ್ನೂ ತೆರೆದೆವು. ನಿವೃತ್ತ ಗುಮಾಸ್ತರೊಬ್ಬರು ದಿನಾ ಒಂದು ಗಂಟೆ ವಾಕಿಂಗ್ ಅಂದಿದ್ದರು. 60, 7, 4: ವಾರಕ್ಕೆ 1,680. ಆರಾಮವಾಗಿ ಪಾಸು. ಆದರೆ ಅವರ ಬೆಲ್ಟಿನ ದಾಖಲೆಯಲ್ಲಿ ಆ ಗಂಟೆಯ ಬಹುಪಾಲು ಬರೀ ಕೂತದ್ದು. ಅವರು ಸುಳ್ಳು ಹೇಳಿರಲಿಲ್ಲ. ಮನೆ ಬಿಟ್ಟು ಮನೆ ಸೇರುವ ತನಕ ಅವರ ಪಾಲಿಗೆ ವಾಕಿಂಗೇ. ಪಾರ್ಕಿನ ಬೆಂಚು, ಗೆಳೆಯರು, ಕಾಫಿ, ಎಲ್ಲ ಅದರೊಳಗೆ. ಇಂಥದ್ದು ದೊಡ್ಡ ಮಟ್ಟದಲ್ಲೂ ಕಂಡಿದೆ. ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯಲ್ಲಿ 2003-04ರಲ್ಲಿ ಬೆಲ್ಟು ಕಟ್ಟಿ ನೋಡಿದಾಗ ಶಿಫಾರಸಿನಷ್ಟು ಚಟುವಟಿಕೆ ಇದ್ದ ವಯಸ್ಕರು ಶೇ. 5ಕ್ಕಿಂತ ಕಮ್ಮಿ. ಬಾಯಿಮಾತಿನ ಲೆಕ್ಕದಲ್ಲಿ ಅದರ ಎಷ್ಟೋ ಪಟ್ಟು.

ನನ್ನ ಎದೆಗೆ ನಾಟಿದ್ದು ಇದು. ತಪ್ಪು ಎಲ್ಲ ಅಳತೆಯಲ್ಲೂ ಇರುತ್ತದೆ, ಎಲ್ಲರಿಗೂ ಒಂದೇ ದಿಕ್ಕಿನಲ್ಲಿದ್ದರೆ ಹೋಲಿಕೆ ಹೇಗೋ ನಿಲ್ಲುತ್ತದೆ. ಇಲ್ಲಿ ಪಟ್ಟಣದವರ ತಪ್ಪು ಮೇಲಕ್ಕೆ ಎಳೆದಿತ್ತು, ಹಳ್ಳಿಯ ಹೆಂಗಸರದು ಕೆಳಕ್ಕೆ. ವಾಕಿಂಗ್ ಅನ್ನುವ ಪದಕ್ಕೆ ಗೌರವವಿದೆ, ಬಾಯಿತುಂಬಾ ಹೇಳುತ್ತಾರೆ. ಸಗಣಿ ಬಾಚುವುದಕ್ಕೆ ಲೆಕ್ಕವೇ ಇಲ್ಲ, ಯಾರೂ ಹೇಳುವುದಿಲ್ಲ. ನಮ್ಮ ಮೊದಲ ಕರಡು ವರದಿಯಲ್ಲಿ ಎರಡೂ ಕಡೆಯ ಅಂಕಿಗಳು ಹತ್ತಿರ ಹತ್ತಿರ ಬಂದಿದ್ದವು. ಆ ಕೋಷ್ಟಕವನ್ನು ತೆಗೆದುಹಾಕಿದೆವು. ರೇಷ್ಮೆ ಮನೆಗಳಿಗೆಲ್ಲ ಮತ್ತೆ ಹೋದೆವು. ಕೆಲಸ ತಡವಾಯಿತು, ಹಣ ಕೊಟ್ಟವರಿಗೆ ಬೇಸರವಾಯಿತು. ಕಾರಣವನ್ನು ವರದಿಯ ಮೊದಲ ಪುಟದಲ್ಲೇ ಬರೆದೆವು.

ಎರಡನೇ ಚೀಟಿ

ಅಕ್ಕನಿಗೆ ಹೊಸ ಚೀಟಿ ಕೊಡಬೇಕಿತ್ತು. "ಸಾಕಷ್ಟು ಚಟುವಟಿಕೆ ಇದೆ, ಹೀಗೇ ಮುಂದುವರಿಸಿ" ಅಂತ ಸಾಫ್ಟ್‌ವೇರ್ ತಾನಾಗಿ ಮುದ್ರಿಸಿತ್ತು. ಅದನ್ನೂ ಕೊಡಲು ಮನಸ್ಸಾಗಲಿಲ್ಲ. ಜೊತೆಗಿದ್ದ ದಿನ ಆಕೆ ಎರಡು ಸಲ ಗೋಡೆ ಹಿಡಿದು ಎದ್ದದ್ದನ್ನು ಬರೆದುಕೊಂಡಿದ್ದೆ. ಸೊಪ್ಪಿನ ವಾರದಲ್ಲಿ ನಿದ್ದೆ ಆರು ಗಂಟೆಯೂ ಇಲ್ಲ. ಬೇಕೆಂದಾಗ ನಿಲ್ಲಿಸಬಹುದಾದ ಬಿಡುವಿನ ವ್ಯಾಯಾಮ ಮತ್ತು ನಿಲ್ಲಿಸಲಾಗದ ದುಡಿಮೆ ದೇಹಕ್ಕೆ ಒಂದೇ ಅಲ್ಲ ಅಂತ ಡೆನ್ಮಾರ್ಕಿನ ಸಂಶೋಧಕರು ಹಲವು ವರ್ಷಗಳಿಂದ ಹೇಳುತ್ತಿದ್ದಾರೆ. ಮೆಟ್‌ನ ಮೊತ್ತದಲ್ಲಿ ಮಾತ್ರ ಎರಡೂ ಒಂದೇ.

ಕೊನೆಗೆ ಕೈಯಲ್ಲೇ ಬರೆದೆವು. ಆಕೆ ಮಾಡುವ ಕೆಲಸಗಳ ಪಟ್ಟಿ, ಮೊಣಕಾಲು ತೋರಿಸಲು ತಾಲೂಕು ಆಸ್ಪತ್ರೆಯ ದಿನ, ಹೊರೆಯನ್ನು ಎರಡು ಭಾಗ ಮಾಡಿ ತರುವ ಸಲಹೆ. ಮಗ ಓದಿದ. ಪಟ್ಟಿಯಲ್ಲಿ ಹಾಸಿಗೆ ತೆಗೆಯುವುದು, ಅಂದರೆ ಹುಳುವಿನ ತಟ್ಟೆಯ ಕಸ ತೆಗೆಯುವುದು, ಬಿಟ್ಟುಹೋಗಿತ್ತು. ಅಕ್ಕ ಹೇಳಿ ಸೇರಿಸಿದರು. ಹೊರೆ ಎರಡು ಭಾಗ ಮಾಡುವುದಕ್ಕೆ ಮಾತ್ರ, "ಎರಡು ಸಲ ಬರೋಕೆ ಹೊತ್ತೆಲ್ಲಿದೆ?" ಅಂದರು. ಆ ಸಾಲನ್ನು ಹೊಡೆದುಹಾಕಿ, ಬೆನ್ನ ಹಿಂದೆ ನಿಂತಿದ್ದ ಮಗನ ಕಡೆ ನೋಡಿದೆ. "ನಾನೂ ಒಂದು ಹೊರೆ ತರ್ತೀನಿ" ಅಂತ ಅವನೇ ಅಂದ.

ಮುಂದಿನ ಹಂತಕ್ಕೆ ಕರಾವಳಿಯ ಬೀಡಿ ಕಟ್ಟುವ ಮನೆಗಳು ಇವೆ. ಅಲ್ಲಿ ಕೂತಲ್ಲೇ ಕೂತು ಬೆರಳು, ಮಣಿಕಟ್ಟು ದಿನವಿಡೀ ಓಡುತ್ತವೆ. ಅಕ್ಕನಿಗೆ ಒದಗಿದ ಕೈಯ ಯಂತ್ರ ಅಲ್ಲಿ ಇಲ್ಲದ ಚಟುವಟಿಕೆಯನ್ನು ತೋರಿಸಬಹುದು. ಹಾಗಾಗಿ ಮೊದಲ ವಾರ ಯಂತ್ರವೂ ಇಲ್ಲ, ಫಾರ್ಮೂ ಇಲ್ಲ. ನಮ್ಮ ಹುಡುಗಿ ಮೂರು ಮನೆ ಗೊತ್ತು ಮಾಡಿಕೊಂಡು ಬಂದಿದ್ದಾಳೆ. ಬೆಳಿಗ್ಗೆ ಎಷ್ಟು ಹೊತ್ತಿಗೆ ಬರಲಿ ಅಂತ ಅವರನ್ನೇ ಕೇಳಿದ್ದಾಳೆ.